ಆಫ್ರಾಳ ಮೊದಲ ನೋಂಬು

ಆಫ್ರಾಳ ಹಲ್ಲು ಹಾಳಾದದ್ದಕ್ಕೆ ಯಾರಿಗೆ ಬೈಯಬೇಕು ಎಂಬ ವಿಷಯದಲ್ಲಿ ವೇಣೂರಿನ ಆ ಮನೆಯಲ್ಲಿ ಎರಡು ಪಕ್ಷ ಇತ್ತು. ಎಲ್ಲ ಅಳಿಯನ ಕಾರುಬಾರು ಎಂದು ಬೀಪಾತುಮ್ಮ. ಅಳಿಯ ಅಸ್ಕರ್ ದಮ್ಮಾಮಿನಲ್ಲಿ ಟಯರ್ ಅಂಗಡಿಯಲ್ಲಿದ್ದ. ಊರಿಗೆ ಹೊರಟವರು ಯಾರೇ ಸಿಗಲಿ, ಮಗಳಿಗೆಂದು ಅವರ ಪೆಟ್ಟಿಗೆಯಲ್ಲಿ ಒಂದು ಕಿಲೋ ಚಾಕಲೇಟು ತುರುಕುತ್ತಿದ್ದ. ಅಲ್ಲವೇ ಅಲ್ಲ, ಮಲಗುವ ಹೊತ್ತಿಗೆ ಬೆಲ್ಲ ಹಾಕಿ ಹಾಲು ಕುಡಿಸುವ ಅಜ್ಜಿಯದ್ದೇ ಕೆಲಸ ಎಂದು ಬೀಪಾತುಮ್ಮನ ಮಗಳು ರಿಫಾ. ಆರು ವರ್ಷದ ಆಫ್ರಾ ಯಾವ ಪಕ್ಷಕ್ಕೂ ಸೇರದೆ ಚಾಕಲೇಟನ್ನೂ ತಿಂದಳು, ಹಾಲನ್ನೂ ಕುಡಿದಳು. ಕಡೆಗೆ ನಾಲ್ಕು ದವಡೆ ಹಲ್ಲು ತೂತಾಗಿ, ಕೆನ್ನೆ ಊದಿ, ಮನೆಯಲ್ಲಿ ಒಬ್ಬರಿಗೂ ನಿದ್ದೆ ಇಲ್ಲದ ಹಾಗಾಯಿತು. ರಿಫಾ ಆಗ ತುಂಬಿದ ಬಸುರಿ. ಹಾಗಾಗಿ ಮಗುವನ್ನು ಎತ್ತಿಕೊಂಡು ಮೂಡುಬಿದಿರೆಗೆ ಓಡಿದ್ದು ಬೀಪಾತುಮ್ಮ.

ಮೂಡುಬಿದಿರೆಯಲ್ಲಿ ಮಕ್ಕಳ ಹಲ್ಲು ನೋಡುವ ಡಾಕ್ಟರ್ ಫಾಯಿಝಾ ಬಂಟ್ವಾಳದ ಹುಡುಗಿ. ಬೀಪಾತುಮ್ಮನ ತವರೂ ಬಂಟ್ವಾಳವೇ. ಅಷ್ಟು ಗೊತ್ತಾದದ್ದೇ ತಡ, ಯಾರ ಮಗಳು, ಯಾವ ಮನೆ, ನಿನ್ನ ಅಜ್ಜನಿಗೆ ಮೀನಿನ ಲಾರಿ ಇತ್ತಲ್ಲ ಎಂದು ಬೀಪಾತುಮ್ಮ ಹಲ್ಲಿನ ಸಂಗತಿಯನ್ನೇ ಮರೆತುಬಿಟ್ಟರು. ಆಫ್ರಾ ಮರೆಯಲಿಲ್ಲ. ಮೊದಲ ದಿನ ಡಾಕ್ಟರ ಬೆರಳು ಕಚ್ಚಿದಳು. ಎರಡನೇ ಸಲ ಕುರ್ಚಿಯ ಅಡಿಗೆ ನುಗ್ಗಿ ಕೂತವಳನ್ನು ಹೊರಗೆಳೆಯಲಿಕ್ಕೆ ಅರ್ಧ ಗಂಟೆ ಬೇಕಾಯಿತು. ಎಂಥ ಹಟ ಮಾರಾಯ್ರೆ! ಮೂರನೇ ಸಲ ಫಾಯಿಝಾ ಕೈ ಚೆಲ್ಲಿದಳು.

"ಇವಳನ್ನು ಎಚ್ಚರದಲ್ಲಿ ಕೂರಿಸಿ ನಾಲ್ಕು ಹಲ್ಲು ಮಾಡ್ಲಿಕ್ಕೆ ನನ್ನಿಂದ ಆಗುವುದಿಲ್ಲ ಉಮ್ಮ. ಮಂಪರು ಬರಿಸಿ ಮಾಡುವ. ಮಂಗಳೂರಿನಿಂದ ಅದರ ಡಾಕ್ಟರೇ ಬರ್ತಾರೆ. ಇಲ್ಲೇ, ಇದೇ ಕುರ್ಚಿಯಲ್ಲಿ. ಕುಡಿಯಲಿಕ್ಕೆ ಒಂದು ಸಿರಪ್, ಆಮೇಲೆ ಮೂಗಿಗೆ ಗ್ಯಾಸು. ಒಂದೂವರೆ ಗಂಟೆಯಲ್ಲಿ ನಾಲ್ಕೂ ಮುಗೀತದೆ. ಸಂಜೆ ಮನೆಯಲ್ಲಿ ಆಡ್ತಾ ಇರ್ತಾಳೆ."

"ಮಗುವಿಗೆ ಏನೂ ಆಗ್ಲಿಕ್ಕಿಲ್ಲವಲ್ಲ?"

"ಹೇಳಿದ ಹಾಗೆ ಮಾಡಿದರೆ ಏನೂ ಆಗುವುದಿಲ್ಲ."

ಹೇಳಬೇಕಾದದ್ದೆಲ್ಲ ಒಂದು ಕಾಗದದಲ್ಲಿ ಅಚ್ಚಾಗಿತ್ತು. ಫಾಯಿಝಾ ಅದನ್ನು ಹಿಡಿದು ಕನ್ನಡದಲ್ಲಿ ಓದತೊಡಗಿದಳು: "ಚಿಕಿತ್ಸೆಗೆ ಎಂಟು ಗಂಟೆಗಳ ಮುಂಚಿತವಾಗಿ ಯಾವುದೇ ಘನಾಹಾರವನ್ನು ಸೇವಿಸತಕ್ಕದ್ದಲ್ಲ…" ಆ ಕಾಗದ ಬರೆದ ಪುಣ್ಯಾತ್ಮನಿಗೆ ಮನೆಯಲ್ಲಿ ಅಜ್ಜಿ ಇರಲಿಲ್ಲವೋ ಏನೋ. ಬೀಪಾತುಮ್ಮ ಕಲಿತದ್ದು ಮದ್ರಸದಲ್ಲಿ; ಕುರ್‌ಆನ್ ಓದುತ್ತಾರೆ, ಕನ್ನಡದ ಅಕ್ಷರ ಬಾರದು, ಇಂಥ ಕನ್ನಡ ಕೇಳಿದರೆ ಸರಕಾರಿ ಆಫೀಸಿನಲ್ಲಿ ನಿಂತವರ ಹಾಗೆ ಎಲ್ಲದಕ್ಕೂ ತಲೆ ಆಡಿಸುತ್ತಾರೆ. ಈಗಲೂ ಆಡಿಸಿದರು. ಫಾಯಿಝಾಳಿಗೆ ಅದು ಕಂಡಿತು. ಒಳ್ಳೆ ಹುಡುಗಿ, ಅರ್ಥವಾಗದೆ ಹೋಗಬಾರದು ಎಂದು ಕಾಗದ ಕೆಳಗಿಟ್ಟು ಮನೆಮಾತು ಬ್ಯಾರಿಗೆ ತಿರುಗಿದಳು.

"ಸುಲಭದಲ್ಲಿ ಹೇಳ್ತೇನೆ ಉಮ್ಮ. ಅವತ್ತು ಆಫ್ರಾಳಿಗೆ ಒಂದು ನೋಂಬು ಅಂತ ಇಟ್ಟುಕೊಳ್ಳಿ. ಅಷ್ಟೇ."

ನೋಂಬು ಎಂದರೆ ಉಪವಾಸ. ಬೀಪಾತುಮ್ಮನ ಮುಖ ಅರಳಿತು. ಅದು ಅವರಿಗೆ ಗೊತ್ತಿಲ್ಲದ್ದಾ? ಐವತ್ತು ವರ್ಷದಿಂದ ರಮಳಾನಿನ ಒಂದು ನೋಂಬನ್ನೂ ಸುಮ್ಮನೆ ಬಿಟ್ಟವರಲ್ಲ.

ಆದರೆ ಅವರಿಗಿಂತ ಹೆಚ್ಚು ಖುಷಿಯಾದದ್ದು ಈ ಸಲವೂ ಕುರ್ಚಿಯ ಅಡಿಗೆ ನುಗ್ಗಿದ್ದವಳಿಗೆ. ಆಫ್ರಾ ತಲೆ ಹೊರಗೆ ಹಾಕಿ, "ನನಗೆ ನೋಂಬಾ? ಸರಿಯಾದ ನೋಂಬಾ?" ಎಂದಳು. ಹೋದ ರಮಳಾನಿನಲ್ಲಿ ತನಗೂ ನೋಂಬು ಬೇಕೆಂದು ಹಟ ಹಿಡಿದವಳನ್ನು ಎಲ್ಲರೂ ಸಣ್ಣವಳೆಂದು ನಗಾಡಿದ್ದರು. ಮದ್ರಸದಲ್ಲಿ ಇವಳ ಪ್ರಾಯದ ಒಬ್ಬಳು ಒಂದು ನೋಂಬು ಹಿಡಿದು, ತಲೆತುಂಬ ಹೂ ಮುಡಿದುಕೊಂಡು ಬಂದಿದ್ದಳಂತೆ. ಆ ಹೊಟ್ಟೆಕಿಚ್ಚು ಇನ್ನೂ ಆರಿರಲಿಲ್ಲ.

"ಸರಿಯಾದ ನೋಂಬೇ," ಎಂದಳು ಫಾಯಿಝಾ. "ಹಿಡಿದರೆ ಹಲ್ಲು ಕಚ್ಚುವ ಭೂತ ಓಡಿ ಹೋಗ್ತದೆ."

"ಹಾಗಾದರೆ ನಾನು ಕುರ್ಚಿಯಲ್ಲಿ ಕೂತುಕೊಳ್ತೇನೆ," ಎಂದಳು ಆಫ್ರಾ.

ಮೂವರೂ ನಕ್ಕರು. ಬೀಪಾತುಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲದ ಬದಿಯ ಕಿಸೆಗೆ ಹಾಕಿದರು.

ಹಲ್ಲು ಮಾಡಿಸುವ ದಿನ ಬರುವಾಗ ರಿಫಾ ಹೆತ್ತು ಇಪ್ಪತ್ತೆರಡು ದಿನ ಆಗಿತ್ತು. ಗಂಡು ಮಗು. ಬಾಣಂತಿ ಮನೆಯಿಂದ ಹೊರಗೆ ಕಾಲಿಡುವ ಹಾಗಿಲ್ಲ, ಹಾಗಾಗಿ ಇದಕ್ಕೂ ಅಜ್ಜಿಯೇ. ಹಿಂದಿನ ಸಂಜೆ ಕ್ಲಿನಿಕ್ಕಿನ ಹುಡುಗಿ ಫೋನು ಮಾಡಿ, "ನಾಳೆ ಒಂಬತ್ತೂವರೆಗೆ. ಖಾಲಿ ಹೊಟ್ಟೆ, ನೆನಪುಂಟಲ್ಲ?" ಎಂದು ಕೇಳಿದ್ದಳು.

"ಉಂಟು ಉಂಟು. ನೋಂಬು ಅಂತ ಡಾಕ್ಟರೇ ಹೇಳಿದ್ದಾರೆ," ಎಂದಿದ್ದರು ಬೀಪಾತುಮ್ಮ. ಹುಡುಗಿ ಸರಿ ಎಂದು ಫೋನಿಟ್ಟಳು.

ಮಸೀದಿಯ ಬೆಳಗಿನ ಬಾಂಗಿಗೆ ಮೊದಲು ಅಜ್ಜಿ ಎದ್ದು ಒಲೆ ಹಚ್ಚಿದರು. ಮೊದಲ ನೋಂಬಿನ ಸಹರಿ ಎಂದರೆ ಸುಮ್ಮನೆಯಾ? ಬಾಂಗಿನ ಮೊದಲು ಉಂಡದ್ದರಲ್ಲಿ ಸಂಜೆಯವರೆಗೆ ತಡೆಯಬೇಕು. ಅಕ್ಕಿ ಹಿಟ್ಟಿನ ಪತ್ತಿರ್ ತಟ್ಟಿದರು, ರಾತ್ರಿಯ ಕೋಳಿ ಸಾರಿಗೆ ತೆಂಗಿನ ಹಾಲು ಸೇರಿಸಿ ಬಿಸಿ ಮಾಡಿದರು, ಒಂದು ನೇಂದ್ರ ಬಾಳೆಹಣ್ಣು ಬೇಯಿಸಿದರು. "ಏಳು ಮಗಾ, ಸಹರಿಗೆ ಹೊತ್ತಾಯಿತು," ಎಂದದ್ದಕ್ಕೆ, ಶಾಲೆಗೆ ಎಬ್ಬಿಸಿದರೆ ಹತ್ತು ಸಲ ಹೊರಳುವ ಹುಡುಗಿ ಒಂದೇ ಕೂಗಿಗೆ ಎದ್ದು ಕೂತಳು.

ಆಫ್ರಾ ತಲೆಗೆ ಬಟ್ಟೆ ಹಾಕಿಕೊಂಡು, ದೊಡ್ಡವರ ಹಾಗೆ ಬಿಸ್ಮಿ ಹೇಳಿ, ಎರಡು ಪತ್ತಿರ್ ತಿಂದಳು. ಹಾಲು ಕುಡಿಸಲಿಕ್ಕೆ ಎದ್ದಿದ್ದ ರಿಫಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು.

"ಎಂಥ ಗಡದ್ದು ಉಮ್ಮ ಇಷ್ಟು ಬೇಗ?"

"ಇವಳಿಗೆ ಇವತ್ತು ನೋಂಬಲ್ಲವಾ, ಡಾಕ್ಟರು ಹೇಳಿದ್ದು."

ರಿಫಾ ನಕ್ಕಳು. "ಓಹೋ, ದೊಡ್ಡ ಜನ! ಮಧ್ಯಾಹ್ನದವರೆಗೆ ತಡೀಬೇಕಲ್ಲ, ಇನ್ನೊಂದು ತಿನ್ನು," ಎಂದು ಕಾವಲಿಯ ಪಕ್ಕದಿಂದ ಮೂರನೆಯದನ್ನು ಎತ್ತಿ ಬಟ್ಟಲಿಗೆ ಹಾಕಿದಳು. ಆಫ್ರಾ ಅದನ್ನೂ ತಿಂದಳು. ಬಾಂಗ್ ಕೂಗಿದ್ದೇ ಬಾಯಿ ಮುಕ್ಕಳಿಸಿ, ತುಟಿ ಬಿಗಿ ಹಿಡಿದು ಕೂತಳು.

ಆಮೇಲೆ ಶುರುವಾಯಿತು ನೋಡಿ ಅವಳ ಕಟ್ಟುನಿಟ್ಟು. ಉಗುಳು ನುಂಗಿದರೆ ನೋಂಬು ಹೋಗುತ್ತದೆಂದು ಯಾರು ಹೇಳಿದರೋ, ಎರಡು ನಿಮಿಷಕ್ಕೊಮ್ಮೆ ಅಂಗಳಕ್ಕೆ ಓಡಿ ಉಗಿಯುವುದು. ನೋಂಬು ಬಿಡುವಾಗ ತಿನ್ನಲಿಕ್ಕೆ ಡಬ್ಬಿಯಿಂದ ಒಂದು ಖರ್ಜೂರ ಆರಿಸಿ, ಕಾಗದದಲ್ಲಿ ಸುತ್ತಿ, ಫ್ರಾಕಿನ ಕಿಸೆಯಲ್ಲಿ ಇಟ್ಟುಕೊಂಡದ್ದು. ದಿನಾ ಶಾಲೆಗೆ ಬಿಡುವ ಆಟೋದ ರುಕ್ಮಯ್ಯ ಅಭ್ಯಾಸದಂತೆ ಕಡಲೆ ಮಿಠಾಯಿ ಚಾಚಿದರೆ, ಮಹಾರಾಣಿ ಮುಖ ತಿರುಗಿಸಿದಳು.

"ನನಗೆ ನೋಂಬು."

"ಅಬ್ಬ! ಉಪವಾಸವಾ?" ಎಂದ ರುಕ್ಮಯ್ಯ. "ನಮ್ಮದೂ ಉಂಟು ಉಪವಾಸ. ಸಂಕಷ್ಟಿಗೆ ಅವಲಕ್ಕಿ, ಹಾಲು, ಬಾಳೆಹಣ್ಣು, ಎಲ್ಲ ನಡೀತದೆ."

"ಅದು ನೋಂಬೇ ಅಲ್ಲ," ಎಂದಳು ಆಫ್ರಾ. ರುಕ್ಮಯ್ಯ ಮೂಡುಬಿದಿರೆ ತಲುಪುವವರೆಗೂ ನಗುತ್ತಿದ್ದ.

ಮಂಗಳೂರಿನ ಡಾಕ್ಟರು ಮೆತ್ತಗೆ ಮಾತಾಡುವ, ವಯಸ್ಸಾದ ಮನುಷ್ಯ. ಎದೆಗೆ ಕೊಳವೆ ಇಟ್ಟು ಕೇಳಿದರು, ಬೆರಳಿಗೊಂದು ಕ್ಲಿಪ್ಪು ಹಾಕಿದರು. "ಪುಟ್ಟಿ ಏನಾದರೂ ತಿಂದಿದ್ದಾಳಾ?" ಎಂದು ಕೇಳಿದರು.

"ಇಲ್ಲ ಡಾಕ್ಟರೇ, ನೀರೂ ಕುಡಿಯಲಿಲ್ಲ. ನೋಂಬು," ಎಂದರು ಬೀಪಾತುಮ್ಮ. ಅದು ಸುಳ್ಳಲ್ಲ. ನೋಂಬು ಹಿಡಿದವಳು ತಿಂದಳಾ ಎಂದು ಕೇಳಿದರೆ ಹೇಳುವ ಉತ್ತರ ಅದೇ. ಸಹರಿ ಉಂಡದ್ದು ನೋಂಬಿನ ಮೊದಲಿನ ಸಂಗತಿ, ಅದನ್ನು ಯಾರೂ ತಿಂದದ್ದು ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಡಾಕ್ಟರು ಫಾಯಿಝಾಳ ಕಡೆ ನೋಡಿದರು. "ಫುಲ್ ಫಾಸ್ಟಿಂಗ್ ಸರ್," ಎಂದಳು ಫಾಯಿಝಾ ನಗುತ್ತಾ. "ಬೆಳಿಗ್ಗೆಯಿಂದ ಉಗುಳೂ ನುಂಗಲಿಲ್ಲವಂತೆ."

ಸಿರಪ್ ಕುಡಿಸುವಾಗ ಮಾತ್ರ ಸಣ್ಣ ಗಲಾಟೆ ಆಯಿತು. ಮದ್ದು ಕುಡಿದರೆ ನೋಂಬು ಹೋಗುತ್ತದೆಂದು ಆಫ್ರಾ ಬಾಯಿ ಬಿಡಲಿಲ್ಲ. ಮದ್ದಿಗೆ ಅಲ್ಲಾಹು ಮಾಫಿ ಕೊಡುತ್ತಾನೆಂದು ಬೀಪಾತುಮ್ಮ ಆಣೆ ಹಾಕಿದ ಮೇಲೆ ಕುಡಿದಳು. ಸ್ವಲ್ಪ ಹೊತ್ತಿಗೆ ಕಣ್ಣು ಭಾರವಾಯಿತು, ಮಾತು ಎಳೆಯತೊಡಗಿತು. ಕಿಸೆಯಿಂದ ಖರ್ಜೂರದ ಪೊಟ್ಟಣ ತೆಗೆದು ಅಜ್ಜಿಯ ಅಂಗೈಯಲ್ಲಿಟ್ಟಳು.

"ಉಮ್ಮಮ್ಮ, ನಾನು ಎದ್ದ ಕೂಡಲೇ ಕೊಡಬೇಕು. ಮರೆಯಬಾರದು."

"ಮರೆಯುವುದಿಲ್ಲ ಚಿನ್ನ."

"ಸಂಜೆಯ ಬಾಂಗ್ ಕಾಯಬೇಕಾ?"

"ಇವತ್ತು ಡಾಕ್ಟರು ಹೇಳಿದರೆ ಬಾಂಗ್ ಆದ ಹಾಗೆ."

ಆಫ್ರಾ ನಕ್ಕಳು. ಊದಿದ ಕೆನ್ನೆಯಿಂದಾಗಿ ನಗು ಒಂದೇ ಬದಿಗೆ ಬಂತು. ಆಮೇಲೆ ಅವಳನ್ನು ಒಳಗೆ ಕರೆದುಕೊಂಡು ಹೋದರು.

ಬೀಪಾತುಮ್ಮ ಹೊರಗಿನ ಬೆಂಚಿನಲ್ಲಿ ಪೊಟ್ಟಣ ಹಿಡಿದು, ಪ್ರವಾದಿಯ ಮೇಲೆ ಸ್ವಲಾತ್ ಹೇಳಿಕೊಂಡು ಕೂತರು. ಮುಕ್ಕಾಲು ಗಂಟೆ ಕಳೆದಿರಬೇಕು. ಒಳಗೆ ಟೂಂ ಟೂಂ ಎನ್ನುತ್ತಿದ್ದ ಯಂತ್ರ ಬೇರೆ ಥರ ಕೂಗತೊಡಗಿತು. ಏನೋ ಬಿದ್ದ ಸದ್ದು. "ತಿರುಗಿಸಿ, ತಿರುಗಿಸಿ! ಸಕ್ಷನ್!" ಎಂದು ಆ ಮೆತ್ತಗಿನ ಡಾಕ್ಟರು ಕಿರುಚಿದರು. ಕೌಂಟರಿನ ಹುಡುಗಿ ಬಾಗಿಲು ತಳ್ಳಿ ಓಡಿದಳು. ಬಾಗಿಲು ಮುಚ್ಚುವ ಮೊದಲು ಒಂದು ವಾಸನೆ ಹೊರಗೆ ಬಂತು, ಹುಳಿಹುಳಿ, ತೆಂಗಿನ ಹಾಲಿನದು, ಕೋಳಿ ಸಾರಿನದು. ತಾನೇ ಅರೆದ ಮಸಾಲೆ ಬೀಪಾತುಮ್ಮನಿಗೆ ಗುರುತು ಸಿಗದೆ ಇರುತ್ತದಾ? ಇಲ್ಲಿ ಯಾರು ಕೋಳಿ ತಿನ್ನುತ್ತಿದ್ದಾರೆ ಎಂದುಕೊಂಡರು ಮೊದಲು. ಯಾ ಅಲ್ಲಾ, ಆಮೇಲೆ ಪೊಟ್ಟಣ ಹಿಡಿದೇ ಬಾಗಿಲಿಗೆ ಓಡಿದರು.

ಆಂಬುಲೆನ್ಸು ಮಂಗಳೂರಿನ ಕಡೆಗೆ ಓಡಿತು. ಡಾಕ್ಟರು ಮಗುವಿನ ಗಂಟಲಿಗೆ ಕೊಳವೆ ಇಳಿಸಿದ್ದರು, ಫಾಯಿಝಾ ಮೊಣಕಾಲೂರಿ ಅದಕ್ಕೆ ಗಾಳಿ ಒತ್ತುತ್ತಿದ್ದಳು. ಆಫ್ರಾಳ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ತೋಡಾರು ದಾಟುವಾಗ ಫಾಯಿಝಾ ತಲೆ ಎತ್ತದೆ ಬ್ಯಾರಿಯಲ್ಲಿ ಕೇಳಿದಳು.

"ಉಮ್ಮ, ಹೊಟ್ಟೆಯಲ್ಲಿ ಅಷ್ಟೊಂದು ಇತ್ತು. ಎಂಥ ತಿಂದಿದ್ದಳು ಅವಳು?"

"ಏನೂ ತಿನ್ನಲಿಲ್ಲ ಮಗಳೇ, ಅಲ್ಲಾಹುವಿನಾಣೆ. ಸಹರಿಗೆ ಮೂರು ಪತ್ತಿರ್ ತಿಂದದ್ದು ಬಿಟ್ಟರೆ ನೀರೂ ಇಲ್ಲ."

ಫಾಯಿಝಾಳ ಕೈ ಒಂದು ಸಲ ನಿಂತಿತು. ಮರುಕ್ಷಣ ಮತ್ತೆ ಒತ್ತತೊಡಗಿತು.

"ಸಹರಿ," ಎಂದಳು ಅವಳು. "ನೋಂಬು ಅಂದೆ ನಾನು. ನಾನೇ ಅಂದೆ." ಅವಳ ಕಣ್ಣಿನಿಂದ ನೀರು ಆಫ್ರಾಳ ಫ್ರಾಕಿನ ಮೇಲೆ ಬೀಳುತ್ತಿತ್ತು, ಒರೆಸಲಿಕ್ಕೆ ಕೈ ಬಿಡುವಿರಲಿಲ್ಲ. "ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸದೊಳಗೆ ಹೋಯಿತು ಉಮ್ಮ. ಅದಕ್ಕೇ ರಾತ್ರಿಯಿಂದಲೇ ಏನೂ ಕೊಡಬಾರದಿತ್ತು."

ಹಾಗಾದರೆ ಅದನ್ನು ಹೇಳಬಾರದಿತ್ತಾ, ರಾತ್ರಿಯಿಂದ ಕೊಡಬೇಡಿ ಎಂದು ನಾಲ್ಕು ಅಕ್ಷರ? ಬೀಪಾತುಮ್ಮನ ಬಾಯಿಯವರೆಗೆ ಬಂತು. ಆದರೆ ಹೇಳಿದ್ದಳಲ್ಲ. ಎಂಟು ಗಂಟೆ ಮುಂಚೆ ಎಂದು ಓದುತ್ತಿದ್ದಳು. ತಾನೇ ಸುಮ್ಮನೆ ತಲೆ ಆಡಿಸಿದ್ದು.

ಮೂರು ದಿನ ಆಸ್ಪತ್ರೆಯ ಗಾಜಿನ ಆಚೆ ಆಫ್ರಾ ಮಲಗಿದ್ದಳು. ಆ ಮೂರು ದಿನವೂ ಬೀಪಾತುಮ್ಮ ಒಂದು ತುತ್ತು ಬಾಯಿಗೆ ಹಾಕಲಿಲ್ಲ. ಯಾರಾದರೂ ಚಾ ತಂದರೆ ಕೈಯಲ್ಲಿ ಹಿಡಿದು ತಣ್ಣಗಾಗಿಸಿ ಇಡುತ್ತಿದ್ದರು. ಬೀಪಾತುಮ್ಮನ ಮಗ ಅನ್ಸಾಫ್ ಬಂದ, ಬಂಟ್ವಾಳದಿಂದ ಅಣ್ಣ ಹಾಜಬ್ಬ ಬಂದರು. ಏನಾಯಿತೆಂದು ಅವರು ಕೇಳಿದಾಗ ಬೀಪಾತುಮ್ಮ ಗಾಜಿನ ಕಡೆಗೆ ಮುಖ ತಿರುಗಿಸಿದರು. ಫಾಯಿಝಾ ಮಾತ್ರ ಎಲ್ಲರೆದುರು, "ತಪ್ಪು ನನ್ನದು," ಎಂದಳು. ಸಹರಿಯ ಸುದ್ದಿ ಎತ್ತಲಿಲ್ಲ. ಅವಳು ಎತ್ತಲಿಲ್ಲವಲ್ಲ ಎಂದು ಬೀಪಾತುಮ್ಮನ ಎದೆ ಒಂದು ಕ್ಷಣ ಹಗುರವಾಯಿತು. ಆ ಹಗುರಕ್ಕೆ ಆಮೇಲೆ ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿತು. ಸಹರಿಯಿಂದಲೇ ಹೀಗಾಯಿತೆಂದು ರಿಫಾಳಿಗೆ ಗೊತ್ತಾದರೆ? ಹೆತ್ತ ಮಗಳು ಇನ್ನು ಉಮ್ಮ ಎಂದು ಕರೆದಾಳಾ?

ಮೂರನೆಯ ದಿನ ಮಧ್ಯಾಹ್ನ ಆಫ್ರಾ ಹೋದಳು.

ಮರುದಿನ ಬೆಳಿಗ್ಗೆ ಅಸ್ಕರ್ ವಿಮಾನ ಇಳಿದು ನೇರ ಮನೆಗೆ ಬಂದು, ಮಗಳ ಮುಖ ನೋಡಿ, ಜಗಲಿಯ ಮೂಲೆಯಲ್ಲಿ ಕುಸಿದು ಕೂತಿದ್ದ. ಅಂಗಳದ ತುಂಬ ಗಂಡಸರು. ರುಕ್ಮಯ್ಯ ಆಟೋದ ಬದಿಯಲ್ಲಿ ಮುಖ ತಗ್ಗಿಸಿ ನಿಂತಿದ್ದ. ಒಳಕೋಣೆಯಲ್ಲಿ ಹೆಂಗಸರು ಆಫ್ರಾಳನ್ನು ಮೀಯಿಸಿ, ಬಿಳಿ ಬಟ್ಟೆ ಸುತ್ತಿ, ಮುಖ ಒಂದನ್ನು ತೆರೆದಿಟ್ಟಿದ್ದರು. ಮೀಯಿಸಿದ್ದು ಊರಿನ ಹಿರಿಯ ಹೆಂಗಸು ಅವ್ವಮ್ಮ. ರಿಫಾ ಗೋಡೆಗೊರಗಿದ್ದಳು, ಅವಳ ಮಡಿಲಲ್ಲಿ ಕೂಸು. ಬಾಗಿಲಿನ ಹತ್ತಿರ, ಯಾರೂ ಚಾಪೆ ಕೊಡದೆ, ಫಾಯಿಝಾ ನೆಲದ ಮೇಲೆ ಕೂತಿದ್ದಳು. ಬರಬೇಡ ಎಂದು ಅವಳ ಮನೆಯವರು ಹೇಳಿದ್ದರಂತೆ, ಆದರೂ ಬಂದಿದ್ದಳು.

ಪರದೆಯ ಆಚೆಯಿಂದ ಹಾಜಬ್ಬರ ಸ್ವರ ಸ್ಪಷ್ಟವಾಗಿ ಕೇಳುತ್ತಿತ್ತು. "ಕಂಪ್ಲೇಂಟು ಕೊಡುವುದಾದರೆ ಈಗಲೇ ಕೊಡಬೇಕು. ಮಣ್ಣು ಮಾಡಿದ ಮೇಲೆ ಆಗುವುದಿಲ್ಲ. ಆ ಡಾಕ್ಟರ್ತಿಯನ್ನು ಸುಮ್ಮನೆ ಬಿಡುವುದಾ?"

"ಕೊಟ್ಟರೆ ಮಗುವನ್ನು ಕೊಯ್ಯುತ್ತಾರೆ ಮಾಮ," ಎಂದ ಅನ್ಸಾಫ್.

"ಕೊಯ್ಯಲಿ. ಸತ್ಯ ಹೊರಗೆ ಬರಬೇಕಲ್ಲ!"

ಬೀಪಾತುಮ್ಮ ಎದ್ದರು. ನಾಲ್ಕು ದಿನದಿಂದ ತಲೆವಸ್ತ್ರದ ಸೆರಗಿಗೆ ಗಂಟು ಹಾಕಿಟ್ಟಿದ್ದ ಪೊಟ್ಟಣ ಬಿಚ್ಚಿದರು. ಮೊಮ್ಮಗಳ ತಲೆಯ ಹತ್ತಿರ ಕೂತು, ಖರ್ಜೂರವನ್ನು ಅವಳ ತುಟಿಗೆ ಹಿಡಿದರು. ಕೆನ್ನೆಯ ಊತ ಇಳಿದು ಮುಖ ಮೊದಲಿನ ಹಾಗೆ ಆಗಿತ್ತು.

ಅವ್ವಮ್ಮ ಕೈ ಹಿಡಿದರು. "ಎಂಥ ಮಾಡ್ತೀ ಬೀಪಾತು? ಮಯ್ಯತ್ತಿನ ಬಾಯಿಗೆ ಏನೂ ಇಡುವುದಿಲ್ಲ."

"ಬಿಡು ಅವ್ವಮ್ಮ. ಇವಳಿಗೆ ನೋಂಬು. ಎದ್ದ ಕೂಡಲೇ ಕೊಡು ಎಂದಿದ್ದಳು. ನೋಂಬಿನಲ್ಲೇ ಹೋಗ್ತಾಳಲ್ಲ ನನ್ನ ಮಗು!"

"ಇದೆಂಥ ನೋಂಬು? ರಮಳಾನಾ ಇದು?"

ಇನ್ನು ಮುಚ್ಚಿಟ್ಟು ಯಾವ ಸುಖಕ್ಕೆ? ಬೀಪಾತುಮ್ಮ ಪರದೆಯ ಆಚೆಗೂ ಕೇಳುವಷ್ಟು ಜೋರಾಗಿ ಹೇಳಿದರು. "ಅಣ್ಣಾ, ಮಗುವನ್ನು ಕೊಯ್ಯಿಸಬೇಡ. ಒಳಗೆ ಏನಿತ್ತು ಎಂದು ನಾನೇ ಹೇಳ್ತೇನೆ. ಪತ್ತಿರ್ ಇತ್ತು, ಕೋಳಿ ಸಾರು ಇತ್ತು. ಖಾಲಿ ಹೊಟ್ಟೆಯಲ್ಲಿ ತನ್ನಿ ಎಂದಿದ್ದರು. ನಾನು ನೋಂಬಿಗೆ ಎಂದು ಎಬ್ಬಿಸಿ ಸಹರಿ ಉಣ್ಣಿಸಿದೆ. ಅದೇ ಶ್ವಾಸಕ್ಕೆ ಸಿಕ್ಕಿದ್ದು. ನನ್ನ ಕೈಯಿಂದ ಹೋದಳು ಅವಳು, ನನ್ನ ಕೈಯಿಂದ!"

"ಇಲ್ಲ," ಎಂದಳು ಫಾಯಿಝಾ ಬಾಗಿಲ ಹತ್ತಿರದಿಂದ. "ನೋಂಬು ಅಂದದ್ದು ನಾನು. ಪ್ರತಿ ವರ್ಷ ಸಹರಿಗೆ ಏಳುವವಳು ನಾನು. ನನಗೆ ಹೊಳೆಯಬೇಕಿತ್ತು, ಕೇಳಬೇಕಿತ್ತು."

ಒಳಗೆ ಎಲ್ಲರೂ ರಿಫಾಳನ್ನು ನೋಡಿದರು. ರಿಫಾ ಕೂಸನ್ನು ಪಕ್ಕದವಳ ಕೈಗೆ ಕೊಟ್ಟಳು, ಎದ್ದು ಬಂದು ಉಮ್ಮನ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು.

"ಆ ಕಾಗದ ನನಗೆ ಯಾಕೆ ತೋರಿಸಲಿಲ್ಲ? ನನಗೆ ಓದಲಿಕ್ಕೆ ಬರ್ತದಲ್ಲ! ಯಾಕೆ ತೋರಿಸಲಿಲ್ಲ?"

ಬೀಪಾತುಮ್ಮ ಅಲ್ಲಾಡಿಸಿದಷ್ಟೂ ಅಲ್ಲಾಡಿದರು. ಕಡೆಗೆ ರಿಫಾಳ ಕೈಯಲ್ಲೇ ಶಕ್ತಿ ಮುಗಿಯಿತು. ಅವಳು ಅಲ್ಲೇ ಕುಸಿದು, ಆಫ್ರಾಳ ಬಿಳಿ ಬಟ್ಟೆಯ ಮೇಲೆ ಹಣೆ ಇಟ್ಟಳು.

"ಮೂರನೆಯದ್ದು ಹಾಕಿದ್ದು ನಾನು," ಎಂದಳು. "ಎರಡಕ್ಕೇ ಸಾಕು ಎಂದಿದ್ದಳೋ ಏನೋ. ನಾನು ಹಾಕಿದೆ."

ಅವ್ವಮ್ಮ ಅಳುತ್ತಾ ಹೊರಗೆ ಕಣ್ಣು ಹಾಯಿಸಿದರು. ಹೊತ್ತಾಗುತ್ತಿತ್ತು, ಮಸೀದಿಯಿಂದ ಮಯ್ಯತ್ತಿನ ಮಂಚ ಬಂದಿತ್ತು. ಜಗಲಿಯಲ್ಲಿ ಕಂಪ್ಲೇಂಟಿನ ಮಾತು ಮತ್ತೆ ಏಳಲಿಲ್ಲ. "ಎತ್ತುವ," ಎಂದು ಅಸ್ಕರ್ ಹೇಳಿದ್ದು ಕೇಳಿಸಿತು, ಮನೆಗೆ ಬಂದ ಮೇಲೆ ಅವನ ಮೊದಲ ಮಾತು.

ರಿಫಾ ತಲೆ ಎತ್ತಿದಳು. ಉಮ್ಮನ ಮುಷ್ಟಿಯನ್ನು ಬಿಡಿಸಿ ಖರ್ಜೂರ ತೆಗೆದುಕೊಂಡಳು. ಬೆವರಿಗೆ ಅದು ಮೆತ್ತಗಾಗಿ, ಕಾಗದದ ಚೂರು ಅಂಟಿಕೊಂಡಿತ್ತು. ಚೂರನ್ನು ಉಗುರಿನಿಂದ ತೆಗೆದು, ಒಂದು ಸಲ ಮಗಳ ತುಟಿಗೆ ಮುಟ್ಟಿಸಿದಳು. ಅವ್ವಮ್ಮ ಈ ಸಲ ತಡೆಯಲಿಲ್ಲ.

ಆಮೇಲೆ ಅದನ್ನು ಉಮ್ಮನ ಬಾಯಿಗೆ ಹಿಡಿದಳು.

"ನೀವೂ ನಾಲ್ಕು ದಿನದಿಂದ ಉಪವಾಸ," ಎಂದಳು. "ಅವಳ ನೋಂಬನ್ನು ನೀವು ಬಿಡಿ. ಬಿಸ್ಮಿ ಹೇಳಿ ಉಮ್ಮ."

ಉಮ್ಮ ಎಂದಳು. ಬೀಪಾತುಮ್ಮ ಬಾಯಿ ತೆರೆದರು. ಆ ಸಿಹಿ ನಾಲಗೆಗೆ ಮುಟ್ಟಿದಾಗ ಅವರಿಗೆ ತಡೆಯಲಾಗಲಿಲ್ಲ, ಎದೆ ಒಡೆದು ಅಳು ಬಂತು. ಅಳುತ್ತಲೇ ಜಗಿದರು. ಗಂಡಸರು ಒಳಗೆ ಬಂದು ಆಫ್ರಾಳನ್ನು ಎತ್ತಿಕೊಂಡರು, ಅಂಗಳ ದಾಟಿದರು, ಗೇಟಿನ ಹೊರಗೆ ಹೋದರು. ಖರ್ಜೂರದ ಬೀಜವನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಬೀಪಾತುಮ್ಮ ಅದನ್ನು ಬಾಯಲ್ಲೇ ಇಟ್ಟುಕೊಂಡು ಕೂತಿದ್ದರು.